ಮೋಡದ ನಾಡಿನಲ್ಲಿ ಸೌರಫಲಕ: ಗರಿಷ್ಠ ಸಾಮರ್ಥ್ಯ ಬಿಂದುವಿನ ಬೆನ್ನು ಹತ್ತಿ

ಏಪ್ರಿಲ್ ತಿಂಗಳಲ್ಲಿ ಸ್ಟ್ಯಾನ್ಮೋರ್‌ನ ಆಕಾಶವನ್ನು ನೋಡಿದವರಿಗೆ ಅದರ ಚಂಚಲತೆಯನ್ನು ವಿವರಿಸಬೇಕಾಗಿಲ್ಲ. ಬಿಸಿಲು ಬಂತು ಎನ್ನುವಷ್ಟರಲ್ಲಿ ಮೋಡ, ಮೋಡ ಎನ್ನುವಷ್ಟರಲ್ಲಿ ತುಂತುರು, ತುಂತುರು ನಿಲ್ಲುವ ಮೊದಲೇ ಮತ್ತೆ ಬಿಸಿಲು. ಲಂಡನ್ನಿನ ಜ್ಯೂಬಿಲಿ ರೈಲುಮಾರ್ಗ ಉತ್ತರದಲ್ಲಿ ಕೊನೆಗೊಳ್ಳುವ ಈ ಊರಿನಲ್ಲಿ, ನಮ್ಮ ಮನೆಯ ಛಾವಣಿಯ ದಕ್ಷಿಣದ ಇಳಿಜಾರಿನ ಮೇಲೆ ತಲಾ 400 ವ್ಯಾಟಿನ ಹತ್ತು ಸೌರಫಲಕಗಳಿವೆ. ಇಂಥ ದಿನಗಳಲ್ಲಿ ಇನ್ವರ್ಟರಿನ ಪರದೆಯ ಮೇಲಿನ ಅಂಕಿ ಒಂದೆರಡು ನಿಮಿಷಗಳಲ್ಲಿ 600 ವ್ಯಾಟಿನಿಂದ 3,000 ವ್ಯಾಟಿಗೆ ಏರಿ, ಅಷ್ಟೇ ಬೇಗ ಇಳಿದುಬಿಡುತ್ತದೆ.

ಈ ಏರಿಳಿತದಲ್ಲಿ ಮೋಡದ ಪಾಲೆಷ್ಟು, ಯಂತ್ರದ ಪಾಲೆಷ್ಟು? ಮೋಡ ಕಸಿದುಕೊಂಡದ್ದನ್ನು ಯಾವ ಯಂತ್ರವೂ ಮರಳಿ ತರಲಾರದು. ಯಂತ್ರ ತನ್ನ ತಪ್ಪಿನಿಂದ ಕಳೆದುಕೊಳ್ಳುವುದನ್ನು ಮಾತ್ರ ನಾವು ಉಳಿಸಿಕೊಳ್ಳಬಹುದು. ಇವೆರಡನ್ನು ಬೇರ್ಪಡಿಸಿ ನೋಡುವ ಬಗೆಯೇ ಈ ಲೇಖನದ ವಿಷಯ. ಹಾಗೆ ಬೇರ್ಪಡಿಸಿ ನೋಡದ ಕಾರಣ ನಾನು ನೆರೆಮನೆಯ ಓಕ್ ಮರವೊಂದರ ಮೇಲೆ ದೂರು ಹೊತ್ತು ಹೊರಟಿದ್ದೆ. ಆ ಪ್ರಸಂಗ ಮುಂದೆ ಬರುತ್ತದೆ.

ಬ್ರಿಟನ್ನಿನ ಮನೆಗಳಿಗೆ ಇದು ಹಣದ ಪ್ರಶ್ನೆಯೂ ಹೌದು. ಉತ್ಪಾದಿಸಿದ ಪ್ರತಿ ಯೂನಿಟ್ಟಿಗೂ ಹಣ ಕೊಡುತ್ತಿದ್ದ, 2010ರಲ್ಲಿ ಆರಂಭವಾದ ಫೀಡ್-ಇನ್ ಟಾರಿಫ್ ಯೋಜನೆ ಹೊಸಬರ ಪಾಲಿಗೆ 2019ರ ಮಾರ್ಚ್ 31ಕ್ಕೆ ಮುಚ್ಚಿತು. 2020ರ ಜನವರಿ 1ರಿಂದ ಜಾರಿಗೆ ಬಂದ ಸ್ಮಾರ್ಟ್ ಎಕ್ಸ್‌ಪೋರ್ಟ್ ಗ್ಯಾರಂಟಿಯಲ್ಲಿ ಹಣ ಸಿಗುವುದು ಜಾಲಕ್ಕೆ ಹರಿದುಹೋದ ವಿದ್ಯುತ್ತಿಗೆ ಮಾತ್ರ. ಆದ್ದರಿಂದ ಫಲಕದಿಂದ ಹೊರತೆಗೆಯಲಾಗದೆ ಉಳಿದ ಪ್ರತಿ ಯೂನಿಟ್ಟೂ ನೇರವಾಗಿ ಮನೆಯವರ ನಷ್ಟ.

ಫಲಕದ ಸ್ವಭಾವ

ಫಲಕದ ಹಿಂಬದಿಯ ಚೀಟಿಯಲ್ಲಿ 400 ವ್ಯಾಟ್ ಎಂದು ಬರೆದಿದ್ದರೆ ಅದು ಒಂದು ನಿರ್ದಿಷ್ಟ ಪರೀಕ್ಷೆಯ ಫಲ: ಪ್ರತಿ ಚದರ ಮೀಟರಿಗೆ 1,000 ವ್ಯಾಟ್ ಬೆಳಕು ಬೀಳುತ್ತಿರಬೇಕು, ಕೋಶಗಳ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇರಬೇಕು. ಇವೆರಡೂ ಇದ್ದರೂ ಫಲಕ ತಾನಾಗಿ 400 ವ್ಯಾಟ್ ಕೊಡುವುದಿಲ್ಲ. ಅದರ ತಂತಿಗಳ ತುದಿಗಳನ್ನು ಏನಕ್ಕೂ ಜೋಡಿಸದೆ ಬಿಟ್ಟರೆ ಸುಮಾರು 37 ವೋಲ್ಟ್ ಕಾಣುತ್ತದೆ, ಆದರೆ ಪ್ರವಾಹ ಸೊನ್ನೆ. ತುದಿಗಳನ್ನು ನೇರವಾಗಿ ಒಂದಕ್ಕೊಂದು ಮುಟ್ಟಿಸಿದರೆ ಸುಮಾರು 14 ಆಂಪಿಯರ್ ಹರಿಯುತ್ತದೆ, ಆದರೆ ವೋಲ್ಟೇಜ್ ಸೊನ್ನೆ. ಸಾಮರ್ಥ್ಯವೆಂದರೆ ವೋಲ್ಟೇಜ್ ಮತ್ತು ಪ್ರವಾಹಗಳ ಗುಣಲಬ್ಧವಾದ್ದರಿಂದ ಎರಡೂ ತುದಿಗಳಲ್ಲಿ ಸಿಗುವುದು ಸೊನ್ನೆಯೇ. ಇವೆರಡರ ನಡುವೆ ಎಲ್ಲೋ ಒಂದೆಡೆ, ಈ ಬಗೆಯ ಫಲಕದಲ್ಲಿ ಸುಮಾರು 31 ವೋಲ್ಟ್ ಮತ್ತು 13 ಆಂಪಿಯರ್ ಇರುವಲ್ಲಿ, ಗುಣಲಬ್ಧ ಅತಿ ಹೆಚ್ಚಾಗುತ್ತದೆ. ಅದೇ ಗರಿಷ್ಠ ಸಾಮರ್ಥ್ಯ ಬಿಂದು. ಅದನ್ನು ಹುಡುಕಿ ಹಿಡಿದಿಡುವ ವ್ಯವಸ್ಥೆಯನ್ನು ಇಂಜಿನಿಯರುಗಳು ಎಂಪಿಪಿಟಿ ಎನ್ನುತ್ತಾರೆ. ಸೂರ್ಯನ ಕಡೆಗೆ ಫಲಕವನ್ನು ತಿರುಗಿಸುವ ಯಂತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಫಲಕ ಕದಲುವುದಿಲ್ಲ, ಕದಲುವುದು ವೋಲ್ಟೇಜ್ ಮಾತ್ರ.

ಹಳೆಯ ಕಪಿಲೆ ಬಾವಿಯನ್ನು ಕಂಡವರಿಗೆ ಇದನ್ನು ಅರಿಯುವುದು ಸುಲಭ. ಎತ್ತುಗಳು ಎಳೆಯುವ ತೊಗಲಿನ ಚೀಲ ತೀರ ದೊಡ್ಡದಾದರೆ ಅವು ನಿಂತಲ್ಲೇ ನಿಲ್ಲುತ್ತವೆ, ನೀರು ಮೇಲೆ ಬರುವುದಿಲ್ಲ. ತೀರ ಚಿಕ್ಕದಾದರೆ ಸರಾಗವಾಗಿ ಓಡಾಡುತ್ತವೆ, ಆದರೆ ಪ್ರತಿ ಸಲ ಬರುವುದು ಬೊಗಸೆ ನೀರು. ಎತ್ತುಗಳ ಕಸುವಿಗೆ ತಕ್ಕ ಚೀಲವೊಂದಿದೆ. ದಿನದ ಕೊನೆಗೆ ತೊಟ್ಟಿ ತುಂಬುವುದು ಅದರಿಂದ. ಸೌರಫಲಕವೆಂಬ ಎತ್ತಿನ ಕಸುವು ನಿಮಿಷ ನಿಮಿಷಕ್ಕೂ ಬದಲಾಗುತ್ತದೆ. ಆದ್ದರಿಂದ ಚೀಲವನ್ನೂ ನಿಮಿಷ ನಿಮಿಷಕ್ಕೆ ಬದಲಿಸಬೇಕು. ಇನ್ವರ್ಟರಿನೊಳಗಿನ ಪರಿವರ್ತಕ ಈ ಕೆಲಸ ಮಾಡುತ್ತದೆ. ಅದರಲ್ಲಿರುವ ಅರೆವಾಹಕ ಸ್ವಿಚ್ಚು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುತ್ತಿರುತ್ತದೆ. ಅದು ತೆರೆದಿರುವ ಹೊತ್ತಿಗೂ ಮುಚ್ಚಿರುವ ಹೊತ್ತಿಗೂ ಇರುವ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಿದರೆ ಫಲಕದ ವೋಲ್ಟೇಜ್ ಬೇಕಾದಲ್ಲಿಗೆ ಸರಿಯುತ್ತದೆ.

ಈ ಹೊಂದಾಣಿಕೆ ಇಲ್ಲದಿದ್ದರೆ ಆಗುವ ನಷ್ಟ ಸಣ್ಣದಲ್ಲ. ಕರ್ನಾಟಕದ ಹಳ್ಳಿಮನೆಗಳಲ್ಲಿ ಬಳಕೆಯಲ್ಲಿದ್ದ ದೀಪದ ವ್ಯವಸ್ಥೆಗಳನ್ನು ನೆನೆಯಬಹುದು. 36 ಕೋಶಗಳ ಫಲಕದ ಗರಿಷ್ಠ ಬಿಂದು 17-18 ವೋಲ್ಟಿನಲ್ಲಿರುತ್ತದೆ. ಅದನ್ನು ಸರಳ ನಿಯಂತ್ರಕದ ಮೂಲಕ ಬ್ಯಾಟರಿಗೆ ಜೋಡಿಸಿದರೆ ಫಲಕ ಬ್ಯಾಟರಿಯ 13 ವೋಲ್ಟಿಗೇ ಕಟ್ಟುಬೀಳುತ್ತದೆ, ಕಾಲುಭಾಗದಷ್ಟು ಸಾಮರ್ಥ್ಯ ಹೊರಬರದೆ ಉಳಿಯುತ್ತದೆ.

ಹವಾಮಾನ ಈ ಬಿಂದುವನ್ನು ಎರಡು ದಾರಿಗಳಿಂದ ಕದಲಿಸುತ್ತದೆ. ಬೆಳಕು ಕಡಿಮೆಯಾದರೆ ಪ್ರವಾಹ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ, ವೋಲ್ಟೇಜ್ ಸ್ವಲ್ಪವಷ್ಟೇ ಇಳಿಯುತ್ತದೆ. ಬಿಸಿ ಹೆಚ್ಚಿದರೆ ವೋಲ್ಟೇಜ್ ಕುಗ್ಗುತ್ತದೆ. ಸಿಲಿಕಾನ್ ಫಲಕದ ಸಾಮರ್ಥ್ಯ ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 0.3ರಿಂದ 0.4ರಷ್ಟು ಇಳಿಯುತ್ತದೆ. ಬಿಸಿ ನಿಧಾನವಾಗಿ ಏರಿಳಿಯುವುದರಿಂದ ಅದರ ಬೆನ್ನು ಹತ್ತುವುದು ಕಷ್ಟವಲ್ಲ. ಕಷ್ಟವಿರುವುದು ಕ್ಷಣಮಾತ್ರದಲ್ಲಿ ಬದಲಾಗುವ ಬೆಳಕಿನಲ್ಲಿ.

ಮಂಜಿನಲ್ಲಿ ಬೆಟ್ಟ ಹತ್ತುವವನು

ಬಿಂದು ಎಲ್ಲಿದೆಯೆಂದು ಯಂತ್ರಕ್ಕೆ ಕಾಣುವುದಿಲ್ಲ. ತಾನು ನಿಂತ ಜಾಗದ ವೋಲ್ಟೇಜ್ ಮತ್ತು ಪ್ರವಾಹಗಳಷ್ಟೇ ಅದಕ್ಕೆ ಗೊತ್ತು. ಮುಂಜಾನೆಯ ದಟ್ಟ ಮಂಜಿನಲ್ಲಿ ನಂದಿಬೆಟ್ಟ ಹತ್ತುವವನಂತೆ ಅದು ಒಂದು ಹೆಜ್ಜೆಯಿಟ್ಟು ನೋಡುತ್ತದೆ. ಏರಿದೆನೇ? ಹಾಗಾದರೆ ಅದೇ ದಿಕ್ಕಿನಲ್ಲಿ ಇನ್ನೊಂದು ಹೆಜ್ಜೆ. ಇಳಿದೆನೇ? ಹಾಗಾದರೆ ಹಿಂದಕ್ಕೆ. ಕದಲಿಸಿ ನೋಡುವ ಈ ವಿಧಾನವೇ ಇಂದಿಗೂ ಅತಿ ಹೆಚ್ಚು ಬಳಕೆಯಲ್ಲಿರುವುದು. ಇದು ಎಂದಿಗೂ ಶಿಖರದ ಮೇಲೆ ಸ್ಥಿರವಾಗಿ ನಿಲ್ಲುವುದಿಲ್ಲ. ತಲುಪಿದ ಮೇಲೂ ಆಚೆಗೊಂದು ಈಚೆಗೊಂದು ಹೆಜ್ಜೆ ಹಾಕುತ್ತಲೇ ಇರುತ್ತದೆ. ಹೆಜ್ಜೆ ದೊಡ್ಡದಾದರೆ ಶಿಖರವನ್ನು ಬೇಗ ಮುಟ್ಟಬಹುದು, ಆದರೆ ತೂಗಾಟ ಹೆಚ್ಚು. ಚಿಕ್ಕದಾದರೆ ತೂಗಾಟ ಕಡಿಮೆ, ಆದರೆ ಬೆಳಕು ಬದಲಾದಾಗ ಹಿಂದೆ ಬೀಳುತ್ತದೆ.

ಈ ವಿದ್ಯೆಯ ಆರಂಭದ ಪ್ರಯತ್ನಗಳು ನಡೆದದ್ದು ಬಾಹ್ಯಾಕಾಶಕ್ಕಾಗಿ. 1968ರಲ್ಲಿ ಎ. ಎಫ್. ಬೋರಿಂಗರ್ ಬಾಹ್ಯಾಕಾಶ ನೌಕೆಯ ಸೌರವಿದ್ಯುತ್ತಿಗೆಂದು ತಾನೇ ಹೊಂದಿಕೊಳ್ಳುವ ಪರಿವರ್ತಕವೊಂದನ್ನು ವಿವರಿಸಿ ಪ್ರಬಂಧ ಪ್ರಕಟಿಸಿದರು. ಅಲ್ಲಿ ಮೋಡಗಳಿಲ್ಲ. ಭೂಮಿಯ ಮೇಲೆ ತೊಡಕು ಬೇರೆಯೇ.

ಮೋಡ ಮಾಡುವ ಮೋಸ

ನಮ್ಮ ಹತ್ತು ಫಲಕಗಳು ಒಂದರ ಬೆನ್ನಿಗೆ ಒಂದರಂತೆ ಸರಣಿಯಲ್ಲಿವೆ. ಗರಿಷ್ಠ ಬಿಂದು ಸುಮಾರು 310 ವೋಲ್ಟಿನಲ್ಲಿದೆ. ಯಂತ್ರ ಒಂದು ಹೆಜ್ಜೆ ಮೇಲಕ್ಕೆ, 315 ವೋಲ್ಟಿಗೆ ಹೋಯಿತೆನ್ನೋಣ. ಬೆಳಕು ಸ್ಥಿರವಾಗಿದ್ದರೆ ಸಾಮರ್ಥ್ಯ 10 ವ್ಯಾಟಿನಷ್ಟು ಕಡಿಮೆಯಾಗಬೇಕಿತ್ತು, ಯಂತ್ರ ತನ್ನ ತಪ್ಪನ್ನು ತಿಳಿದು ಹಿಂದಿರುಗಬೇಕಿತ್ತು. ಆದರೆ ಅದೇ ಕ್ಷಣದಲ್ಲಿ ಮೋಡ ಸರಿದು ಬೆಳಕು ಹೆಚ್ಚಿ 60 ವ್ಯಾಟ್ ಕೂಡಿಬಂತು. ಯಂತ್ರಕ್ಕೆ ಕಾಣುವುದು 50 ವ್ಯಾಟಿನ ಏರಿಕೆ. ಹೆಜ್ಜೆ ಸರಿಯಾಗಿತ್ತೆಂದು ಬಗೆದು ಅದು ಇನ್ನೂ ಮೇಲಕ್ಕೆ ಹೋಗುತ್ತದೆ. ಬೆಳಕು ಏರುತ್ತಿರುವಷ್ಟು ಹೊತ್ತೂ ತಪ್ಪು ದಾರಿಯಲ್ಲೇ ಸಾಗುತ್ತದೆ. ಮಂಜಿನಲ್ಲಿ ನಡೆಯುವವನ ಕಾಲಡಿಯ ಬೆಟ್ಟವೇ ಮೇಲೇಳುತ್ತಿದ್ದರೆ ಅವನು ಇಳಿಯುತ್ತಿದ್ದರೂ ಏರುತ್ತಿದ್ದೇನೆಂದೇ ತಿಳಿಯುತ್ತಾನೆ.

ವಿಚಿತ್ರವೆಂದರೆ ಬೆಳಕು ಕುಗ್ಗುವಾಗ ಇಷ್ಟು ಹಾನಿಯಿಲ್ಲ. ಆಗ ಯಾವ ಹೆಜ್ಜೆಯಿಟ್ಟರೂ ಇಳಿತವೇ ಕಾಣುವುದರಿಂದ ಯಂತ್ರ ಪ್ರತಿ ಸಲವೂ ದಿಕ್ಕು ಬದಲಿಸುತ್ತ ಹೆಚ್ಚುಕಡಿಮೆ ನಿಂತಲ್ಲೇ ತೂಗಾಡುತ್ತದೆ. ಬೆಳಕು ಮರಳುವ ಹೊತ್ತಿನಲ್ಲೇ, ಅಂದರೆ ಗಳಿಸಬೇಕಾದ ಹೊತ್ತಿನಲ್ಲೇ, ಅದು ದಾರಿ ತಪ್ಪುವುದು.

1995ರಲ್ಲಿ ಕೆ. ಎಚ್. ಹುಸೇನ್ ಮತ್ತು ಜೊತೆಗಾರರು ವೇಗವಾಗಿ ಬದಲಾಗುವ ವಾತಾವರಣಕ್ಕೆಂದೇ ಒಂದು ಕ್ರಮವಿಧಿಯನ್ನು ಮುಂದಿಟ್ಟರು. ಸಾಮರ್ಥ್ಯ ಹೆಚ್ಚಿತೋ ಇಳಿಯಿತೋ ಎಂದಷ್ಟೇ ನೋಡುವ ಬದಲು, ವೋಲ್ಟೇಜಿನ ಬದಲಾವಣೆಗೆ ಪ್ರವಾಹ ಎಷ್ಟು ಬದಲಾಯಿತೆಂಬ ಅನುಪಾತವನ್ನು ಇದು ಲೆಕ್ಕ ಹಾಕುತ್ತದೆ. ವೋಲ್ಟೇಜ್ ಕದಲದೆಯೂ ಪ್ರವಾಹ ಬದಲಾದರೆ ಅದು ಆಕಾಶದ ಕೆಲಸವೆಂದು ಅದಕ್ಕೆ ತಿಳಿಯುತ್ತದೆ. 2006ರಲ್ಲಿ ಡೆಜೊ ಸೆರಾ ಮತ್ತು ಜೊತೆಗಾರರು ಇನ್ನೂ ಸರಳವಾದ ಉಪಾಯ ಹೇಳಿದರು: ಹೆಜ್ಜೆಯಿಡದೆ ಒಮ್ಮೆ ನಿಂತು ಅಳೆ. ನಿಂತಾಗ ಆದ ಬದಲಾವಣೆಯೆಲ್ಲ ಆಕಾಶದ್ದು. ಹೆಜ್ಜೆಯಿಟ್ಟ ಮೇಲೆ ಕಂಡ ಬದಲಾವಣೆಯಿಂದ ಅದನ್ನು ಕಳೆದರೆ ಉಳಿಯುವುದೇ ನಮ್ಮ ಹೆಜ್ಜೆಯ ಫಲ.

ಇಂಥ ವಿಧಾನಗಳಿಗೆ ಕೊರತೆಯಿಲ್ಲ. ಎಸ್ರಾಮ್ ಮತ್ತು ಚಾಪ್ಮನ್ 2007ರ ತಮ್ಮ ಸಮೀಕ್ಷೆಯಲ್ಲಿ ಕನಿಷ್ಠ 19 ಬೇರೆ ಬೇರೆ ವಿಧಾನಗಳನ್ನು ಎಣಿಸಿದ್ದರು. ಆದರೆ ಹೆಸರಿನ ವ್ಯತ್ಯಾಸ ಫಲದ ವ್ಯತ್ಯಾಸವಾಗಬೇಕಿಲ್ಲ. 2013ರಲ್ಲಿ ಸೆರಾ ಅವರ ತಂಡವೇ ಕದಲಿಸಿ ನೋಡುವ ವಿಧಾನವನ್ನೂ ಅನುಪಾತದ ವಿಧಾನವನ್ನೂ ಹೋಲಿಸಿ, ಎರಡರ ನಡತೆಯೂ ವಸ್ತುತಃ ಒಂದೇ ಎಂದು ತೋರಿಸಿತು. ಹೊಳಪಿನ ಕರಪತ್ರದಲ್ಲಿ ಕ್ರಮವಿಧಿಯ ಹೆಸರು ನೋಡಿ ಇನ್ವರ್ಟರ್ ಕೊಳ್ಳುವವರು ಇದನ್ನು ನೆನಪಿಡಬೇಕು. ನೋಡಬೇಕಾದುದು ಪರೀಕ್ಷೆಯ ಫಲವನ್ನು. 2010ರ ಯುರೋಪಿನ ಮಾನಕ ಇಎನ್ 50530 ಇದಕ್ಕೊಂದು ಅಳತೆಗೋಲು ಕೊಟ್ಟಿತು. ಬೆಳಕು ಪ್ರತಿ ಚದರ ಮೀಟರಿಗೆ 300 ವ್ಯಾಟಿನಿಂದ 1,000 ವ್ಯಾಟಿಗೆ, ಸೆಕೆಂಡಿಗೆ 10ರಿಂದ 100 ವ್ಯಾಟಿನವರೆಗಿನ ಬೇರೆ ಬೇರೆ ವೇಗಗಳಲ್ಲಿ ಏರಿ ಇಳಿಯುವಾಗ ಯಂತ್ರ ಎಷ್ಟನ್ನು ಹಿಡಿಯುತ್ತದೆಂದು ಅಳೆಯುವುದು ಅದರ ಒಂದು ಭಾಗ. ಇಂದಿನ ಒಳ್ಳೆಯ ಇನ್ವರ್ಟರುಗಳು ಇಂಥ ಪರೀಕ್ಷೆಯಲ್ಲಿ ಶೇಕಡಾ 99ರ ಆಸುಪಾಸಿನಲ್ಲಿರುತ್ತವೆ.

ಅಂದರೆ ಓಡುವ ಮೋಡಗಳಿಂದ ಯಂತ್ರ ಕಳೆದುಕೊಳ್ಳುವುದು ಈಗ ನೂರರಲ್ಲಿ ಒಂದೆರಡು ಪಾಲು. ದೊಡ್ಡ ನಷ್ಟ ಅಡಗಿರುವುದು ಮತ್ತೊಂದು ಕಡೆ.

ಎರಡು ಶಿಖರಗಳು ಮತ್ತು ಒಂದು ಓಕ್ ಮರ

ಸರಣಿಯಲ್ಲಿರುವ ಫಲಕಗಳಲ್ಲೆಲ್ಲ ಒಂದೇ ಪ್ರವಾಹ ಹರಿಯಬೇಕು. ಮೂರು ಫಲಕಗಳ ಮೇಲೆ ನೆರಳು ಬಿದ್ದು ಅವುಗಳಿಗೆ ಶೇಕಡಾ 30ರಷ್ಟು ಬೆಳಕು ಮಾತ್ರ ಸಿಕ್ಕರೆ, ಅವು 4 ಆಂಪಿಯರಿಗಿಂತ ಹೆಚ್ಚು ಬಿಡಲಾರವು. ಉಳಿದ ಏಳು 13 ಆಂಪಿಯರ್ ಕೊಡಬಲ್ಲವಾದರೂ ನೆರಳಿನ ಮೂರರ ಹಿಂದೆ ಸಾಲುಗಟ್ಟಬೇಕು. ಇದಕ್ಕೆಂದೇ ಪ್ರತಿ ಫಲಕದಲ್ಲಿ ಸಾಮಾನ್ಯವಾಗಿ ಮೂರು ಅಡ್ಡದಾರಿಯ ಡಯೋಡುಗಳಿರುತ್ತವೆ. ನೆರಳಿನ ಕೋಶಗಳನ್ನು ಬಳಸಿಕೊಂಡು ಹೆಚ್ಚಿನ ಪ್ರವಾಹ ಅವುಗಳ ಮೂಲಕ ಹರಿದುಹೋಗಬಹುದು. ಆಗ ಆ ಕೋಶಗಳ ವೋಲ್ಟೇಜನ್ನು ಬಿಟ್ಟುಕೊಡಬೇಕಷ್ಟೇ.

ಇದರ ಫಲವಾಗಿ ಬೆಟ್ಟಕ್ಕೆ ಎರಡು ಶಿಖರಗಳಾಗುತ್ತವೆ. ಸುಲಭಕ್ಕಾಗಿ ಪೂರ್ಣ ಬಿಸಿಲಿನ ಲೆಕ್ಕ ಹಿಡಿಯೋಣ. ಹತ್ತೂ ಫಲಕಗಳನ್ನು ಸೇರಿಸಿಕೊಂಡು 330 ವೋಲ್ಟಿನ ಆಸುಪಾಸಿನಲ್ಲಿ, 3.9 ಆಂಪಿಯರಿನಲ್ಲಿ ನಡೆಸಿದರೆ ಸಿಗುವುದು ಸುಮಾರು 1,300 ವ್ಯಾಟ್. ಮೂರನ್ನು ಕೈಬಿಟ್ಟು ಏಳನ್ನೇ 215 ವೋಲ್ಟಿನ ಆಸುಪಾಸಿನಲ್ಲಿ, 13 ಆಂಪಿಯರಿನಲ್ಲಿ ನಡೆಸಿದರೆ ಸುಮಾರು 2,800 ವ್ಯಾಟ್. ಎರಡು ಪಟ್ಟಿಗೂ ಹೆಚ್ಚು. ಆದರೆ ನೆರಳು ಬೀಳುವ ಮೊದಲು 310 ವೋಲ್ಟಿನಲ್ಲಿ ನಿಂತಿದ್ದ ಯಂತ್ರಕ್ಕೆ ಹತ್ತಿರವಿರುವುದು ಚಿಕ್ಕ ಶಿಖರವೇ. ಅದನ್ನು ಹತ್ತಿ ಸುತ್ತಲೂ ಇಳಿಜಾರನ್ನು ಕಂಡು, ಇದೇ ತುದಿಯೆಂದು ಅಲ್ಲೇ ನೆಲೆಸುತ್ತದೆ. ಹೆಜ್ಜೆಯಿಟ್ಟು ನೋಡುವ ಯಾವ ವಿಧಾನಕ್ಕೂ ಕಣಿವೆಯಾಚೆಯ ಎತ್ತರ ಕಾಣದು. ಮುಂಬಯಿಯ ಐಐಟಿಯ ಹಿರೇನ್ ಪಟೇಲ್ ಮತ್ತು ವಿವೇಕ್ ಅಗರ್ವಾಲ್ 2008ರಲ್ಲಿ ಇಂಥ ಬಹುಶಿಖರಗಳ ಸ್ವರೂಪವನ್ನೂ ನಿಜವಾದ ಶಿಖರವನ್ನು ಹುಡುಕುವ ಬಗೆಯನ್ನೂ ವಿವರಿಸಿದ ಪ್ರಬಂಧಗಳು ಈ ಕ್ಷೇತ್ರದಲ್ಲಿ ಬಹಳವಾಗಿ ಉಲ್ಲೇಖಗೊಂಡಿವೆ.

ನಮ್ಮ ಮನೆಯಲ್ಲಿ ಆದದ್ದೂ ಇದೇ. ಫಲಕಗಳನ್ನು ಹಾಕಿಸಿದ ಮೊದಲ ಶರತ್ಕಾಲದಲ್ಲಿ, ಮೋಡವಿಲ್ಲದ ದಿನಗಳಲ್ಲಿ ಕೂಡ ಮಧ್ಯಾಹ್ನ ಮೂರರ ಹೊತ್ತಿಗೆ ಉತ್ಪಾದನೆ ಒಮ್ಮೆಲೇ ಅರ್ಧಕ್ಕಿಂತ ಕೆಳಗೆ ಕುಸಿಯುತ್ತಿತ್ತು, ಸಂಜೆಯವರೆಗೂ ಚೇತರಿಸಿಕೊಳ್ಳುತ್ತಿರಲಿಲ್ಲ. ಅದೇ ಹೊತ್ತಿಗೆ ನೈಋತ್ಯದ ನೆರೆಮನೆಯ ಓಕ್ ಮರದ ನೆರಳು ತುದಿಯ ಮೂರು ಫಲಕಗಳನ್ನು ಮುಚ್ಚುತ್ತಿತ್ತು. ಅಪರಾಧಿ ಯಾರೆಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಕೊಂಬೆಗಳನ್ನು ಕಡಿಸಲು ಒಪ್ಪುವಿರಾ ಎಂದು ನೆರೆಯವರಿಗೆ ಬರೆಯಬೇಕಾದ ಪತ್ರವನ್ನು ಮನಸ್ಸಿನಲ್ಲೇ ರಚಿಸಿಕೊಂಡಿದ್ದೆ. ಈ ದೇಶದಲ್ಲಿ ರಕ್ಷಣೆಯ ಆದೇಶವಿರುವ ಮರದ ಕೊಂಬೆಯನ್ನು ಕತ್ತರಿಸಲೂ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು. ಆ ಮರಕ್ಕೆ ಅಂಥ ಆದೇಶವಿದೆಯೇ ಎಂದು ವಿಚಾರಿಸುವುದಕ್ಕೂ ತೊಡಗಿದ್ದೆ.

ಪತ್ರ ಬರೆಯುವ ಮೊದಲು ಇನ್ವರ್ಟರಿನ ದಾಖಲೆಯಲ್ಲಿ ಸಾಮರ್ಥ್ಯದ ಜೊತೆಗೆ ವೋಲ್ಟೇಜಿನ ಸಾಲನ್ನೂ ತೆಗೆದು ನೋಡಿದೆ. ಹತ್ತರಲ್ಲಿ ಮೂರು ನೆರಳಿಗೆ ಹೋದರೆ ನಷ್ಟ ಹತ್ತರಲ್ಲಿ ಮೂರರ ಸುಮಾರಿಗೆ ಇರಬೇಕು, ವೋಲ್ಟೇಜ್ 215ರ ಬಳಿಗೆ ಇಳಿಯಬೇಕು. ನನ್ನ ದಾಖಲೆಯಲ್ಲಿ ನೆರಳು ಬಿದ್ದೊಡನೆ ವೋಲ್ಟೇಜ್ ಇಳಿಯುವ ಬದಲು 330ರ ಕಡೆಗೆ ಏರಿ ಅಲ್ಲೇ ನಿಂತಿತ್ತು. ಯಂತ್ರ ಚಿಕ್ಕ ಶಿಖರದ ಮೇಲೆ ಕುಳಿತಿತ್ತು. ನೆರಳಿರುವ ಛಾವಣಿಗಳಿಗೆಂದು ಹಲವು ಇನ್ವರ್ಟರುಗಳಲ್ಲಿ ಒಂದು ಸೌಲಭ್ಯವಿರುತ್ತದೆ: ಕೆಲವು ನಿಮಿಷಗಳಿಗೊಮ್ಮೆ ವೋಲ್ಟೇಜನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೇಗನೆ ಓಡಿಸಿ, ಇಡೀ ಬೆಟ್ಟದ ಆಕಾರವನ್ನು ನೋಡಿ, ಅತಿ ಎತ್ತರದ ಶಿಖರಕ್ಕೆ ಹಿಂದಿರುಗುವುದು. ನಮ್ಮ ಯಂತ್ರದಲ್ಲಿಯೂ ಅದಿತ್ತು. ಅಳವಡಿಸಿದವರು ಅದನ್ನು ಚಾಲೂ ಮಾಡಿರಲಿಲ್ಲ. ಅವರನ್ನು ಕರೆಸಿ ಮಾಡಿಸಿದ ಮೇಲೆ, ಮುಂದಿನ ನಿರ್ಮಲ ದಿನದಲ್ಲಿ ನೆರಳು ಬಿದ್ದ ಕೆಲವೇ ನಿಮಿಷಗಳಲ್ಲಿ ವೋಲ್ಟೇಜ್ ಕೆಳಗಿಳಿದು, ಉತ್ಪಾದನೆ ಮೊದಲಿನ ಹತ್ತರಲ್ಲಿ ಏಳರಷ್ಟಕ್ಕೆ ಬಂದು ನಿಂತಿತು.

ಮರದ ಪಾಲಿನ ನಷ್ಟ ನಿಜವಾಗಿತ್ತು, ಆದರೆ ಅರ್ಧಕ್ಕಿಂತ ಹೆಚ್ಚು ನಷ್ಟ ಯಂತ್ರದ್ದಾಗಿತ್ತು. ಪತ್ರವನ್ನು ನಾನು ಬರೆಯಲಿಲ್ಲ.

ಪಾವಗಡದ ಬಿಸಿಲು, ಸ್ಟ್ಯಾನ್ಮೋರ್‌ನ ಬೆಳಕು

ಈ ಸಮಸ್ಯೆ ಊರೂರಿಗೂ ಬೇರೆ ರೂಪ ತಳೆಯುತ್ತದೆ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೌರ ಉದ್ಯಾನವನ್ನು ಹೋಲಿಕೆಗೆ ತೆಗೆದುಕೊಳ್ಳೋಣ. 2018ರ ಮಾರ್ಚಿನಲ್ಲಿ ಉದ್ಘಾಟನೆಗೊಂಡ ಈ ‘ಶಕ್ತಿಸ್ಥಳ’ ಐದು ಹಳ್ಳಿಗಳ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ ಹರಡಿದೆ; ಅದರ ಸಾಮರ್ಥ್ಯ 2,050 ಮೆಗಾವ್ಯಾಟ್. ಅಲ್ಲಿ ಚಿಮಣಿಯಿಲ್ಲ, ನೆರೆಯವರ ಓಕ್ ಮರವಿಲ್ಲ. ಮೋಡವೊಂದು ಬಂದರೂ ಅಷ್ಟು ವಿಸ್ತಾರವನ್ನು ಒಮ್ಮೆಲೇ ಮುಚ್ಚಲಾರದು. ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಉಳಿದಿರುವುದರಿಂದ ಒಟ್ಟು ಉತ್ಪಾದನೆ ನಮ್ಮ ಛಾವಣಿಯಷ್ಟು ಥಟ್ಟನೆ ಜಿಗಿದಾಡುವುದಿಲ್ಲ. ಅಲ್ಲಿನ ಶತ್ರು ಬಿಸಿ ಮತ್ತು ಧೂಳು. ಬೇಸಿಗೆಯಲ್ಲಿ ಕೋಶಗಳು 65 ಡಿಗ್ರಿಗೆ ಕಾದರೆ, ಡಿಗ್ರಿಗೆ ಶೇಕಡಾ 0.35ರ ಲೆಕ್ಕದಲ್ಲಿ 14ರಷ್ಟು ಸಾಮರ್ಥ್ಯ ಬಿಸಿಗೇ ಹೋಗುತ್ತದೆ. ಅದನ್ನು ಯಾವ ಕ್ರಮವಿಧಿಯೂ ಮರಳಿಸದು.

ಸ್ಟ್ಯಾನ್ಮೋರ್ ಇರುವುದು ಉತ್ತರ ಅಕ್ಷಾಂಶ 51.6 ಡಿಗ್ರಿಯಲ್ಲಿ. ಲಂಡನ್ನಿನ ಸಮತಲದ ಮೇಲೆ ವರ್ಷಕ್ಕೆ ಪ್ರತಿ ಚದರ ಮೀಟರಿಗೆ ಬೀಳುವ ಸೌರಶಕ್ತಿ ಸುಮಾರು 1,000 ಯೂನಿಟ್. ಪಾವಗಡದ ಕಡೆ ಅದು ಸುಮಾರು ಎರಡು ಪಟ್ಟು. ಇಲ್ಲಿನದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮೋಡ ಮತ್ತು ಆಕಾಶದಿಂದ ಚದುರಿ ಬರುವ ಬೆಳಕು. ಚದುರಿದ ಬೆಳಕಿಗೆ ದಿಕ್ಕಿಲ್ಲದ್ದರಿಂದ ಸೂರ್ಯನನ್ನು ಹಿಂಬಾಲಿಸಿ ತಿರುಗುವ ಚೌಕಟ್ಟು ಇಲ್ಲಿ ಹೆಚ್ಚು ಲಾಭ ತರದು. ಪೂರ್ವ-ಪಶ್ಚಿಮದ ಛಾವಣಿಗಳೂ ದಕ್ಷಿಣದ್ದಕ್ಕಿಂತ ಐದನೆಯ ಒಂದು ಭಾಗದಷ್ಟೇ ಹಿಂದೆ ಬೀಳುತ್ತವೆ.

ಆದರೆ ನೆರಳಿನ ವಿಷಯದಲ್ಲಿ ಈ ಅಕ್ಷಾಂಶ ನಿಷ್ಠುರ. ಡಿಸೆಂಬರಿನ ನಡುಹಗಲಲ್ಲಿ ಇಲ್ಲಿನ ಸೂರ್ಯ ದಿಗಂತದಿಂದ ಬರೀ 15 ಡಿಗ್ರಿ ಮೇಲಿರುತ್ತಾನೆ. ಒಂದು ಮೀಟರ್ ಎತ್ತರದ ಚಿಮಣಿ ಆಗ ಸಮತಟ್ಟಾದ ಜಾಗದಲ್ಲಿ 3.7 ಮೀಟರ್ ನೆರಳು ಚೆಲ್ಲುತ್ತದೆ. ಜೂನಿನಲ್ಲಿ ಅದೇ ನೆರಳು ಅರ್ಧ ಮೀಟರ್. ಪಾವಗಡದಲ್ಲಾದರೆ ಡಿಸೆಂಬರಿನಲ್ಲಿ ಕೂಡ ಮುಕ್ಕಾಲು ಮೀಟರ್ ದಾಟುವುದು ಅಷ್ಟಿಷ್ಟೇ. ಊರಿನ ಛಾವಣಿಯ ಅನುಭವವನ್ನು ಇಲ್ಲಿಗೆ ಹೊತ್ತು ತರುವವರು ಎಡವುವುದು ಇಲ್ಲೇ.

ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳು

ಮೊದಲನೆಯದು, ಬೇರೆ ಬೇರೆ ದಿಕ್ಕಿನ ಇಳಿಜಾರುಗಳಿಗೆ ಬೇರೆ ಬೇರೆ ಎಂಪಿಪಿಟಿ ಇದೆಯೇ? ಮನೆಗಳ ಇನ್ವರ್ಟರುಗಳಲ್ಲಿ ಸಾಮಾನ್ಯವಾಗಿ ಇಂಥ ಎರಡು ಒಳದಾರಿಗಳಿರುತ್ತವೆ. ಪೂರ್ವದ ಮತ್ತು ಪಶ್ಚಿಮದ ಫಲಕಗಳನ್ನು ಒಂದೇ ಸರಣಿಯಲ್ಲಿ ಪೋಣಿಸಿದರೆ ಬೆಳಿಗ್ಗೆ ಪೂರ್ವದ್ದನ್ನು ಪಶ್ಚಿಮವೂ ಸಂಜೆ ಪಶ್ಚಿಮದ್ದನ್ನು ಪೂರ್ವವೂ ತಡೆಹಿಡಿಯುತ್ತವೆ.

ಎರಡನೆಯದು, ನೆರಳಿನ ಶೋಧ ಚಾಲೂ ಇದೆಯೇ? ಶೋಧದ ಕ್ಷಣಗಳಲ್ಲಿ ಒಂದಿಷ್ಟು ಉತ್ಪಾದನೆ ನಷ್ಟವಾಗುವುದರಿಂದ ನೆರಳೇ ಇಲ್ಲದ ಛಾವಣಿಗೆ ಅದು ಬೇಕಿಲ್ಲ. ನೆರಳಿರುವಲ್ಲಿ ಅದಿಲ್ಲದಿದ್ದರೆ ನಷ್ಟ ಎಷ್ಟೆಂದು ಮೇಲೆ ಕಂಡೆವು.

ಮೂರನೆಯದು, ಪ್ರತಿ ಫಲಕಕ್ಕೂ ಪ್ರತ್ಯೇಕ ಸಾಧನ ಬೇಕೇ? ಆಪ್ಟಿಮೈಸರ್ ಅಥವಾ ಮೈಕ್ರೋ ಇನ್ವರ್ಟರ್ ಹಾಕಿದರೆ ಪ್ರತಿ ಫಲಕವೂ ತನ್ನದೇ ಶಿಖರವನ್ನು ಹತ್ತುತ್ತದೆ, ಒಂದರ ನೆರಳು ಇನ್ನೊಂದನ್ನು ಬಾಧಿಸುವುದಿಲ್ಲ. ದಿನವಿಡೀ ಅಲ್ಲಲ್ಲಿ ನೆರಳು ಸರಿದಾಡುವ ಛಾವಣಿಗೆ ಇದು ತಕ್ಕದ್ದು. ನೆರಳಿಲ್ಲದಲ್ಲಿ ಲಾಭ ಅತ್ಯಲ್ಪ. ಮೇಲಾಗಿ ಛಾವಣಿಯ ಮೇಲೆ ಕೆಡಬಹುದಾದ ಸಾಧನಗಳ ಸಂಖ್ಯೆ ಹೆಚ್ಚುತ್ತದೆ.

ನಾಲ್ಕನೆಯದು, ದಾಖಲೆಯಲ್ಲಿ ವೋಲ್ಟೇಜ್ ಕಾಣುತ್ತದೆಯೇ? ಉತ್ಪಾದನೆಯ ಅಂಕಿ ಒಂದೇ ಇದ್ದರೆ ಮೋಡ, ನೆರಳು, ಯಂತ್ರ ಮೂರೂ ಒಂದೇ ರೀತಿಯ ಇಳಿತವಾಗಿ ಕಾಣುತ್ತವೆ. ವೋಲ್ಟೇಜ್ ಜೊತೆಗಿದ್ದರೆ ಬೇರ್ಪಡಿಸಬಹುದು. ಮೋಡ ಬಂದಾಗ ಸಾಮರ್ಥ್ಯ ಬೀಳುತ್ತದೆ, ವೋಲ್ಟೇಜ್ ಹೆಚ್ಚು ಕದಲುವುದಿಲ್ಲ. ಭಾಗಶಃ ನೆರಳು ಬಿದ್ದು ಯಂತ್ರ ಸರಿಯಾಗಿ ನಡೆದುಕೊಂಡರೆ ವೋಲ್ಟೇಜ್ ಕೈಬಿಟ್ಟ ಫಲಕಗಳಷ್ಟು ಇಳಿಯುತ್ತದೆ. ಸಾಮರ್ಥ್ಯ ಕುಸಿದು ವೋಲ್ಟೇಜ್ ಏರಿ ನಿಂತರೆ ಯಂತ್ರವನ್ನು ಸಂಶಯಿಸಬೇಕು.

ನಮ್ಮ ಛಾವಣಿಯ ಮೇಲೆ ಓಕ್ ಮರದ ನೆರಳು ಇಂದಿಗೂ ಮಧ್ಯಾಹ್ನ ಮೂರರ ಹೊತ್ತಿಗೆ ಬರುತ್ತದೆ. ವೋಲ್ಟೇಜ್ 215ರ ಬಳಿಗೆ ಇಳಿಯುತ್ತದೆ. ಅಷ್ಟನ್ನು ಮರ ತೆಗೆದುಕೊಳ್ಳಲಿ. ಮೂರು ಫಲಕಗಳ ಮಧ್ಯಾಹ್ನದ ಬೆಳಕು ಅದರ ಪಾಲು.